500 ಕೆಬಿಪಿಎಸ್ ಮುಚ್ಚಿಟ್ಟಿದ್ದ ದೋಷ: ಒಂದು ಎಲೆಕ್ಟ್ರಿಕ್ ಬಸ್ಸಿನ ಕ್ಯಾನ್ ಲೈನ್ ವೇಗ ಹೆಚ್ಚಿಸಿದ ಪ್ರಕರಣ

ಇದು ನಾನೂ ಇದ್ದ ಒಂದು ತಂಡದ ಕೆಲಸ. ಕಂಪನಿ, ಗಾಡಿಯ ಮಾಡೆಲ್, ಬಿಡಿಭಾಗ ಕೊಟ್ಟವರು, ಯಾರ ಹೆಸರನ್ನೂ ಬರೆದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಆದರೆ ಎಲ್ಲಿ ಎಡವಿದೆವು, ಆಮೇಲೆ ದಾರಿ ಹೇಗೆ ಸಿಕ್ಕಿತು ಅನ್ನೋದು ನಡೆದ ಹಾಗೇ ಇದೆ. ಇದೇ ಕೆಲಸಕ್ಕೆ ಕೈ ಹಾಕುವ ಇನ್ನೊಂದು ತಂಡಕ್ಕೆ ಎರಡು ವಾರ ಉಳಿದರೂ ಸಾಕು ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜನ ಹತ್ತುವ ಬಸ್ಸೂ ಬಸ್ಸೇ, ಡೇಟಾ ಓಡುವ ತಂತಿಗೂ ನಮ್ಮಲ್ಲಿ ಬಸ್ ಅಂತಲೇ ಹೆಸರು. ಗೊಂದಲ ಬೇಡ ಅಂತ ಇಲ್ಲಿ ವಾಹನವನ್ನು ಗಾಡಿ ಅಂತಲೂ, ತಂತಿಯನ್ನು ಲೈನ್ ಅಂತಲೂ ಕರೆಯುತ್ತೇನೆ.

ಹಿನ್ನೆಲೆ

12 ಮೀಟರ್ ಉದ್ದದ ಎಲೆಕ್ಟ್ರಿಕ್ ಗಾಡಿ. ಬೆಂಗಳೂರಿನ ಹೊರಗಿನ ಒಂದು ವರ್ಕ್‌ಶಾಪ್‌ನಲ್ಲಿ ಅದರ ಪ್ರೋಟೊಟೈಪ್ ಕೆಲಸ ನಡೆಯುತ್ತಿತ್ತು. ಒಂದು ಬ್ಯಾಟರಿ ಪ್ಯಾಕ್ ಛಾವಣಿ ಮೇಲೆ, ಇನ್ನೊಂದು ಹಿಂಭಾಗದಲ್ಲಿ. ಮೋಟಾರ್ ಕೂಡ ಹಿಂದೆ. ಡ್ರೈವರ್ ಮುಂದೆ ಡ್ಯಾಶ್‌ಬೋರ್ಡ್, ಅದರ ಕೆಳಗೆ ಇಡೀ ಗಾಡಿಯನ್ನು ನಡೆಸುವ ಕಂಟ್ರೋಲ್ ಯೂನಿಟ್. ಇವನ್ನೆಲ್ಲ ಜೋಡಿಸುವುದು ಒಂದಕ್ಕೊಂದು ಹೆಣೆದ ಎರಡೇ ತಂತಿ. ಅದೇ ಕ್ಯಾನ್ (ಕಂಟ್ರೋಲರ್ ಏರಿಯಾ ನೆಟ್‌ವರ್ಕ್) ಲೈನ್. ವೇಗ 500 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 5 ಲಕ್ಷ ಬಿಟ್. ಎಬಿಎಸ್, ಸ್ಟಿಯರಿಂಗ್ ಪಂಪ್, ಡಿಸಿ-ಡಿಸಿ ಕನ್ವರ್ಟರ್ ಸೇರಿ ಅದರ ಮೇಲೆ ಹತ್ತು ನೋಡ್‌ಗಳಿದ್ದವು, ಅಂದರೆ ಲೈನಿಗೆ ಜೋಡಿಸಿದ ಹತ್ತು ಯೂನಿಟ್‌ಗಳು.

ಕ್ಯಾನ್ ಹಳೆಯ ವ್ಯವಸ್ಥೆ. ಬಾಷ್ ಕಂಪನಿ 1983ರಲ್ಲಿ ಕೆಲಸ ಶುರು ಮಾಡಿ, 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಅದನ್ನು ಲೋಕಕ್ಕೆ ತೋರಿಸಿತು. ಇಷ್ಟು ವರ್ಷವಾದರೂ ಅದು ಉಳಿದಿರುವುದಕ್ಕೆ ಕಾರಣ ಅದರ ಸರಳತೆ. ಎಲ್ಲರೂ ಒಂದೇ ತಂತಿಯಲ್ಲಿ ಮಾತಾಡುತ್ತಾರೆ. ಇಬ್ಬರು ಒಟ್ಟಿಗೆ ಶುರು ಮಾಡಿದರೆ, ಯಾರ ಸಂದೇಶದ ಐಡಿ ಚಿಕ್ಕದೋ ಅವರು ಮುಂದುವರಿಯುತ್ತಾರೆ, ಇನ್ನೊಬ್ಬರು ಸುಮ್ಮನಾಗುತ್ತಾರೆ. ಇದಕ್ಕೆ ಆರ್ಬಿಟ್ರೇಶನ್ ಅಂತ ಹೆಸರು. ಯಾವ ಸಂದೇಶವೂ ಹಾಳಾಗುವುದಿಲ್ಲ.

ಆದರೆ ಆ ಸರಳತೆಗೇ ಒಂದು ಬೆಲೆ ಇದೆ. ಆರ್ಬಿಟ್ರೇಶನ್ ನಡೆಯಬೇಕಾದರೆ ಒಂದು ಬಿಟ್‌ನ ಅವಧಿಯೊಳಗೆ ಸಿಗ್ನಲ್ ಲೈನಿನ ಆ ತುದಿ ಮುಟ್ಟಿ ಈ ತುದಿಗೆ ವಾಪಸ್ ಬರಬೇಕು. ತಂತಿಯಲ್ಲಿ ಸಿಗ್ನಲ್‌ಗೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ಬೇಕು. ಲೈನಿಗೆ ಸಿಗ್ನಲ್ ಕಳಿಸಿ ಓದುವ ಟ್ರಾನ್ಸೀವರ್ ಚಿಪ್ ತೆಗೆದುಕೊಳ್ಳುವ ಸಮಯ ಬೇರೆ. ಹಾಗಾಗಿ ಹಳೆಯ ಕ್ಯಾನ್ 1 ಎಂಬಿಪಿಎಸ್‌ಗೆ (ಸೆಕೆಂಡಿಗೆ 10 ಲಕ್ಷ ಬಿಟ್) ನಿಲ್ಲುತ್ತದೆ, ಅದೂ ಸುಮಾರು 40 ಮೀಟರ್ ಲೈನಿಗೆ.

ಸಮಸ್ಯೆ ಬಂದದ್ದು ಬ್ಯಾಟರಿಯಿಂದ

2022ರಲ್ಲಿ ದೇಶದಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿಗಳು ಬಂದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮಗಳು ಬಿಗಿಯಾದವು. ನಮ್ಮ ಬ್ಯಾಟರಿ ತಂಡದವರೂ ಪಟ್ಟು ಹಿಡಿದರು. ಪ್ರತಿಯೊಂದು ಸೆಲ್‌ನ ವೋಲ್ಟೇಜ್ ಸೆಕೆಂಡಿಗೊಮ್ಮೆ ಬಂದರೆ ಸಾಲದು, 100 ಮಿಲಿಸೆಕೆಂಡಿಗೊಮ್ಮೆ ಬೇಕು ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಒಂದು ಸೆಲ್ ಕೆಡಲು ಶುರುವಾದರೆ ಅದನ್ನು ಬೇಗ ಹಿಡಿಯಬೇಕು, ಒಳಗೆ ಜನ ಕೂತಿರುತ್ತಾರೆ.

ಲೆಕ್ಕ ಹಾಕಿ ನೋಡಿದೆವು. ಒಂದು ಪ್ಯಾಕ್‌ನಲ್ಲಿ 192 ಸೆಲ್, ಒಂದೊಂದಕ್ಕೆ 2 ಬೈಟ್, ಒಟ್ಟು 384 ಬೈಟ್. ಹಳೆಯ ಕ್ಯಾನ್‌ನ ಒಂದು ಫ್ರೇಮ್‌ನಲ್ಲಿ, ಅಂದರೆ ಒಂದು ಸಂದೇಶದಲ್ಲಿ, ಹಿಡಿಯುವುದು ಬರೀ 8 ಬೈಟ್. ಅಂದರೆ ಪ್ಯಾಕಿಗೆ 48 ಫ್ರೇಮ್, ಎರಡು ಪ್ಯಾಕಿಗೆ 96. ಸೆಕೆಂಡಿಗೆ ಹತ್ತು ಸಲ ಕಳಿಸಿದರೆ 960 ಫ್ರೇಮ್. 500 ಕೆಬಿಪಿಎಸ್‌ನಲ್ಲಿ ಒಂದು ಫ್ರೇಮ್ ಹೋಗಲು ಸುಮಾರು ಕಾಲು ಮಿಲಿಸೆಕೆಂಡ್ ಬೇಕು. ಹಾಗಾಗಿ ಸೆಲ್ ವೋಲ್ಟೇಜ್ ಒಂದಕ್ಕೇ ಲೈನಿನ ಶೇಕಡಾ 24ರಷ್ಟು ಹೊತ್ತು ಹೋಗುತ್ತದೆ. ಲೈನ್ ಮೊದಲೇ ಅರ್ಧಕ್ಕಿಂತ ಜಾಸ್ತಿ ತುಂಬಿತ್ತು. ಇದೂ ಸೇರಿದಾಗ ಲೋಡ್ 75ರ ಹತ್ತಿರ ಬಂತು. ಐಡಿ ದೊಡ್ಡದಿರುವ ಸಂದೇಶಗಳು ಹಿಂದೆ ಬಿದ್ದವು. ಡ್ಯಾಶ್‌ಬೋರ್ಡಿನಲ್ಲಿ ಚಾರ್ಜ್ ಶೇಕಡಾವಾರು ಆಗಾಗ ನಿಂತು ನಿಂತು ಬದಲಾಗುತ್ತಿತ್ತು.

ಯಾವ ದಾರಿ ಹಿಡಿಯುವುದು?

ಮೊದಲ ಸಲಹೆ, ವೇಗವನ್ನು ಸೀದಾ 1 ಎಂಬಿಪಿಎಸ್‌ಗೆ ಏರಿಸಿ ಅಂತ. ಟೇಬಲ್ ಮೇಲೆ ಅದು ಚೆನ್ನಾಗಿಯೇ ಓಡಿತು. ಆದರೆ ಆ ವೇಗಕ್ಕೆ ಮುಖ್ಯ ಲೈನಿನಿಂದ ನೋಡ್‌ಗೆ ಹೋಗುವ ಕವಲು, ಅಂದರೆ ಸ್ಟಬ್, 30 ಸೆಂಟಿಮೀಟರ್ ದಾಟಬಾರದು ಅನ್ನುತ್ತದೆ ಕ್ಯಾನ್‌ನ ಸ್ಟ್ಯಾಂಡರ್ಡ್ ಐಎಸ್‌ಒ 11898. ನಮ್ಮಲ್ಲಿ ಮೀಟರುಗಟ್ಟಲೆ ಕವಲುಗಳಿದ್ದವು. ಜೊತೆಗೆ ಎಬಿಎಸ್ ಯೂನಿಟ್ 500ರಲ್ಲೇ ಬೀಗ ಹಾಕಿಕೊಂಡು ಬಂದಿತ್ತು. ಇಷ್ಟೆಲ್ಲ ಮಾಡಿದರೂ ಸಿಗುವುದು ಬರೀ ಎರಡು ಪಟ್ಟು. ಆ ಮಾತು ಅಲ್ಲಿಗೇ ಬಿಟ್ಟೆವು.

ಎರಡನೇ ಸಲಹೆ ಆಟೋಮೋಟಿವ್ ಈಥರ್ನೆಟ್. ಒಂದೇ ಜೋಡಿ ತಂತಿಯಲ್ಲಿ 100 ಎಂಬಿಪಿಎಸ್, 2015ರಿಂದ ಸ್ಟ್ಯಾಂಡರ್ಡ್ ಕೂಡ ಇದೆ. ಕ್ಯಾಮೆರಾ ಇದ್ದರೆ ಅದೇ ಸರಿ. ಆದರೆ ಅದರಲ್ಲಿ ಪ್ರತಿ ಎರಡು ನೋಡ್ ನಡುವೆ ಬೇರೆ ತಂತಿ, ಮಧ್ಯದಲ್ಲಿ ಸ್ವಿಚ್, ಪ್ರತಿ ಸಪ್ಲೈಯರ್ ಹತ್ತಿರ ಹೊಸ ಬೋರ್ಡ್. ನಮ್ಮ ಅಗತ್ಯಕ್ಕೆ ಅದು ಅತಿಯಾಯಿತು.

ಮೂರನೆಯದು, ಲೈನನ್ನೇ ಎರಡಾಗಿ ಒಡೆಯುವುದು. ತಂಡದ ಹಿರಿಯರೊಬ್ಬರಿಗೆ ಇದೇ ಇಷ್ಟ. ನಿಜ ಹೇಳಬೇಕೆಂದರೆ, ಸೆಲ್ ಡೇಟಾ ಹಿಂಭಾಗದಲ್ಲೇ ಉಳಿಯುವುದಾಗಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಆದರೆ ಮುಂದಿನ ಕಂಟ್ರೋಲ್ ಯೂನಿಟ್‌ಗೂ ಡೇಟಾ ಕಳಿಸುವ ಟೆಲಿಮ್ಯಾಟಿಕ್ಸ್ ಪೆಟ್ಟಿಗೆಗೂ ಅದು ಬೇಕೇ ಬೇಕಿತ್ತು.

ಕೊನೆಗೆ ಆರಿಸಿದ್ದು ಕ್ಯಾನ್ ಎಫ್‌ಡಿ (ಫ್ಲೆಕ್ಸಿಬಲ್ ಡೇಟಾರೇಟ್). ಬಾಷ್ 2012ರಲ್ಲಿ ಹೊರತಂದ ಈ ರೂಪ 2015ರಲ್ಲಿ ಐಎಸ್‌ಒ ಸ್ಟ್ಯಾಂಡರ್ಡಿಗೆ ಸೇರಿತು. ಅದರ ಯುಕ್ತಿ ನನಗೆ ಇವತ್ತಿಗೂ ಬಹಳ ಇಷ್ಟ. ಆರ್ಬಿಟ್ರೇಶನ್ ಹಳೆಯ ವೇಗದಲ್ಲೇ ನಡೆಯುತ್ತದೆ. ಅದು ಮುಗಿದ ಮೇಲೆ ಲೈನಿನಲ್ಲಿ ಮಾತಾಡುವವರು ಒಬ್ಬರೇ ಉಳಿಯುತ್ತಾರೆ, ಅಲ್ವಾ? ಆಗ ಸಿಗ್ನಲ್ ಹೋಗಿ ವಾಪಸ್ ಬರಲಿ ಅಂತ ಯಾರೂ ಕಾಯಬೇಕಿಲ್ಲ. ಅಲ್ಲಿಂದ ಮುಂದಿನ ಡೇಟಾ ಭಾಗ ಮಾತ್ರ ಜೋರಾಗಿ ಓಡುತ್ತದೆ. ಒಂದು ಫ್ರೇಮ್‌ನಲ್ಲಿ 64 ಬೈಟ್ ಹಿಡಿಯುತ್ತದೆ. ಆರ್ಬಿಟ್ರೇಶನ್ 500 ಕೆಬಿಪಿಎಸ್, ಡೇಟಾ 2 ಎಂಬಿಪಿಎಸ್ ಇಟ್ಟರೆ 64 ಬೈಟ್ ಸುಮಾರು 0.4 ಮಿಲಿಸೆಕೆಂಡಿನಲ್ಲಿ ಹೋಗುತ್ತದೆ. ಹಳೆಯ ಲೈನಿನಲ್ಲಿ ಅಷ್ಟಕ್ಕೇ 2 ಮಿಲಿಸೆಕೆಂಡ್ ಬೇಕು. ನಮ್ಮ 96 ಫ್ರೇಮ್ 12ಕ್ಕೆ ಇಳಿಯುತ್ತದೆ, ಶೇಕಡಾ 24 ಇದ್ದ ಲೋಡ್ 5ರ ಹತ್ತಿರ ಬರುತ್ತದೆ.

ಹೆಚ್ಚಿನ ನೋಡ್‌ಗಳ ಮೈಕ್ರೋಕಂಟ್ರೋಲರ್‌ಗಳಲ್ಲಿ ಎಫ್‌ಡಿ ಕಂಟ್ರೋಲರ್ ಆಗಲೇ ಇತ್ತು. ಎಫ್‌ಡಿ ಅರ್ಥವಾಗದ ಎಬಿಎಸ್ ಮತ್ತು ಸ್ಟಿಯರಿಂಗ್ ಪಂಪನ್ನು ಬೇರೆ ಹಳೆಯ ಲೈನಿಗೆ ಹಾಕಿ, ನಡುವೆ ಸಂದೇಶ ದಾಟಿಸುವ ಗೇಟ್‌ವೇ ಇಟ್ಟೆವು. ಇದನ್ನು ಮಾಡಲೇಬೇಕು. ಹಳೆಯ ನೋಡ್ ಒಂದೇ ಒಂದು ಎಫ್‌ಡಿ ಲೈನಿನಲ್ಲಿ ಉಳಿದರೂ ಸಾಕು, ತನಗೆ ಅರ್ಥವಾಗದ ಪ್ರತಿ ಫ್ರೇಮನ್ನೂ ತಪ್ಪು ಅಂತ ಎರರ್ ಫ್ರೇಮ್ ಹಾಕಿ ಕೆಡಿಸುತ್ತದೆ.

ಟೇಬಲ್ ಮೇಲೆ ಚಿನ್ನ, ಗಾಡಿಯಲ್ಲಿ ಮಣ್ಣು

ಲ್ಯಾಬ್‌ನಲ್ಲಿ ಐದು ನೋಡ್, ಮೂರು ಮೀಟರ್ ಕೇಬಲ್. ಮೂರು ದಿನ ಹಗಲು ರಾತ್ರಿ ಓಡಿಸಿದೆವು, ಒಂದೇ ಒಂದು ಎರರ್ ಇಲ್ಲ. ಎಲ್ಲರಿಗೂ ಖುಷಿ. ಗಾಡಿಗೆ ಹಾಕಿದ ಮೊದಲ ದಿನವೇ ಎರರ್ ಫ್ರೇಮ್‌ಗಳ ಮಳೆ. ಕ್ಯಾನ್‌ನಲ್ಲಿ ಕೆಟ್ಟ ಫ್ರೇಮ್ ತಾನಾಗಿಯೇ ಮತ್ತೆ ಹೋಗುತ್ತದೆ. ಹಾಗಾಗಿ ಲೋಡ್ ಇಳಿಯುವ ಬದಲು ಏರಿತು. ಛಾವಣಿ ಮೇಲಿನ ಬ್ಯಾಟರಿ ಯೂನಿಟ್‌ನ ಎರರ್ ಕೌಂಟರ್ 255 ದಾಟಿ ಅದು ಬಸ್-ಆಫ್ ಆಯಿತು, ಅಂದರೆ ಲೈನಿನಿಂದಲೇ ಹೊರಬಿತ್ತು. ಗಾಡಿ ಚಾರ್ಜ್ ತೆಗೆದುಕೊಳ್ಳಲು ಒಪ್ಪಲಿಲ್ಲ.

ಇಲ್ಲಿ ನಾವು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು. ಎಲ್ಲರ ಅನುಮಾನ ಮೋಟಾರಿನ ಇನ್ವರ್ಟರ್ ಮೇಲೆ ಹೋಯಿತು. ನೂರಾರು ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುವ ಸಾಧನ ಪಕ್ಕದಲ್ಲೇ ಇದೆ, ಅದರ ನಾಯ್ಸ್ ಅಲ್ಲದೆ ಇನ್ನೇನು? ಹೀಗೆ ಅಂದುಕೊಂಡು ಎರಡು ವಾರ ಕಳೆದೆವು. ಶೀಲ್ಡ್ ಕೇಬಲ್ ಹಾಕಿದೆವು. ನಾಯ್ಸ್ ತಡೆಯುವ ಫೆರೈಟ್ ಹಾಕಿದೆವು. ಗ್ರೌಂಡ್ ಬದಲಿಸಿದೆವು. ಪ್ರತಿ ಸಲ ಎರರ್ ಸ್ವಲ್ಪ ಕಡಿಮೆ ಆದ ಹಾಗೆ ಕಾಣುತ್ತಿತ್ತು, ಮಾರನೇ ದಿನ ಮತ್ತೆ ಅಷ್ಟೇ. ಆ 'ಸ್ವಲ್ಪ ಕಡಿಮೆ' ನಮ್ಮನ್ನು ಅದೇ ದಾರಿಯಲ್ಲಿ ಎಳೆದುಕೊಂಡು ಹೋಯಿತು.

ಗಾಡಿಯ ತಂತಿಗಳ ಕಟ್ಟು, ಅಂದರೆ ಹಾರ್ನೆಸ್, ತಯಾರಾಗುವ ಶಾಪ್‌ನಲ್ಲಿ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ತಂತಿ ಕ್ರಿಂಪ್ ಮಾಡುವ, ಅಂದರೆ ತುದಿಗೆ ಟರ್ಮಿನಲ್ ಒತ್ತಿ ಕೂರಿಸುವ, ಕೆಲಸದಲ್ಲಿ ಜೀವಮಾನ ಕಳೆದವರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಒಂದು ಸಂಜೆ ಗಾಡಿಯ ಬಾಗಿಲ ಹತ್ತಿರ ನಿಂತು ಕೇಳಿದರು.

"ಸಾರ್, ಹೈ ವೋಲ್ಟೇಜ್ ಆಫ್ ಮಾಡಿದ್ರೂ ಎರರ್ ಬರ್ತದಾ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅದನ್ನು ಯಾರೂ ನೋಡಿರಲಿಲ್ಲ. ಹೈ ವೋಲ್ಟೇಜ್ ಜೋಡಿಸುವ ಸ್ವಿಚ್ ಆದ ಕಾಂಟ್ಯಾಕ್ಟರ್ ಬಿಚ್ಚಿ, ಇನ್ವರ್ಟರ್ ಸತ್ತಿದೆ ಅಂತ ಖಚಿತ ಮಾಡಿಕೊಂಡು, 24 ವೋಲ್ಟ್ ಬ್ಯಾಟರಿಯಲ್ಲಿ ಲೈನನ್ನು ಮಾತ್ರ ಎಬ್ಬಿಸಿದೆವು. ಎರರ್‌ಗಳು ಹಾಗೆಯೇ ಸುರಿಯುತ್ತಿದ್ದವು.

"ಹಂಗಾದ್ರೆ ನಾಯ್ಸ್ ಅಲ್ಲ ಬಿಡಿ ಸಾರ್. ತಂತಿದೇ ಏನೋ ಇದೆ," ಅಂದರು ಅಣ್ಣ.

ಹತ್ತು ನಿಮಿಷದ ಪರೀಕ್ಷೆ ಅದು. ಎರಡು ವಾರ ಮೊದಲೇ ಮಾಡಬೇಕಿತ್ತು.

ತಂತಿಯ ಹತ್ತಿರ ಹೋದಾಗ

ಮೊದಲು ಮಲ್ಟಿಮೀಟರ್. ಎಲ್ಲ ಪವರ್ ತೆಗೆದು ಲೈನಿನ ಎರಡು ತಂತಿಗಳ ನಡುವೆ ಅಳೆದೆವು. ಎರಡು ತುದಿಯಲ್ಲಿ ಒಂದೊಂದು 120 ಓಮ್ ಟರ್ಮಿನೇಶನ್, ಅಂದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರದ ಹಾಗೆ ತಡೆಯುವ ರೆಸಿಸ್ಟರ್, ಇರುತ್ತದೆ, ಮೀಟರ್ 60 ತೋರಿಸಬೇಕು. ನಮ್ಮದು 40 ತೋರಿಸಿತು. 40 ಅಂದರೆ ಮೂರು ರೆಸಿಸ್ಟರ್. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋದೆವು. ಮೋಟಾರ್ ಕಂಟ್ರೋಲರ್ ಬಿಚ್ಚಿದಾಗ ಮೀಟರ್ 60ಕ್ಕೆ ಬಂತು. ಅದರೊಳಗೆ ಒಂದು ಟರ್ಮಿನೇಶನ್ ಮೊದಲಿನಿಂದಲೂ ಆನ್ ಆಗಿಯೇ ಬಂದಿತ್ತು, ನಾವು ಅದನ್ನು ಲೈನಿನ ಮಧ್ಯದಲ್ಲಿ ಹಾಕಿದ್ದೆವು. ಇಷ್ಟು ತಿಂಗಳು ಯಾರಿಗೂ ಗೊತ್ತಾಗಿರಲಿಲ್ಲ.

ಅದನ್ನು ತೆಗೆದರೂ ಎರರ್ ಪೂರ್ತಿ ಹೋಗಲಿಲ್ಲ. ಆಮೇಲೆ ಆಸಿಲೋಸ್ಕೋಪ್ ತಂದು ಡ್ಯಾಶ್‌ಬೋರ್ಡಿನ ಪಿನ್‌ಗಳಿಗೆ ಪ್ರೋಬ್ ಹಾಕಿದೆವು. ಆ ಚಿತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕ್ಯಾನ್‌ನಲ್ಲಿ ಡಾಮಿನೆಂಟ್ ಬಿಟ್ ಅಂದರೆ ಚಿಪ್ ಎರಡು ತಂತಿಗಳನ್ನು ಬಲವಾಗಿ ಎಳೆದು ಸುಮಾರು 2 ವೋಲ್ಟ್ ಅಂತರ ಮಾಡುತ್ತದೆ. ರಿಸೆಸಿವ್ ಅಂದರೆ ಕೈ ಬಿಡುತ್ತದೆ ಅಷ್ಟೇ, ಯಾರೂ ತಳ್ಳುವುದಿಲ್ಲ. ಕೈ ಬಿಟ್ಟ ಆ ಕ್ಷಣದಲ್ಲೇ ತೊಂದರೆ. ಸ್ಕೋಪಿನಲ್ಲಿ ಅಂಚು ಕೆಳಗಿಳಿದು ಸುಮ್ಮನೆ ನಿಲ್ಲುತ್ತಿರಲಿಲ್ಲ. ಗಂಟೆ ಹೊಡೆದ ಮೇಲೂ ಗುಂಯ್ ಅನ್ನುವ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಅಂತರ 0.9 ವೋಲ್ಟ್ ದಾಟಿದರೆ ರಿಸೀವರ್ ಡಾಮಿನೆಂಟ್ ಅಂತ ಓದಲೇಬೇಕು, 0.5ಕ್ಕಿಂತ ಕೆಳಗಿದ್ದರೆ ರಿಸೆಸಿವ್. ನಮ್ಮ ಅಲೆ ಅಂಚಿನಿಂದ 450 ನ್ಯಾನೋಸೆಕೆಂಡ್ ತನಕ 0.9ರ ಗೆರೆಯನ್ನು ಮುಟ್ಟಿ ಮುಟ್ಟಿ ಬರುತ್ತಿತ್ತು.

2 ಎಂಬಿಪಿಎಸ್‌ನಲ್ಲಿ ಒಂದು ಬಿಟ್ 500 ನ್ಯಾನೋಸೆಕೆಂಡ್. ಬಿಟ್‌ನ ಶೇಕಡಾ 80ರಲ್ಲಿ ಓದಬೇಕು ಅಂತ ಇಟ್ಟಿದ್ದೆವು, ಅಂದರೆ 400ರಲ್ಲಿ. ಓದುವ ಈ ಜಾಗಕ್ಕೆ ಸ್ಯಾಂಪಲ್ ಪಾಯಿಂಟ್ ಅಂತ ಹೆಸರು. ಅಲೆ ಇನ್ನೂ ಆಡುತ್ತಿರುವಾಗಲೇ ಓದು ಮುಗಿಯುತ್ತಿತ್ತು. ಅದೇ 500 ಕೆಬಿಪಿಎಸ್‌ನಲ್ಲಾದರೆ ಬಿಟ್ 2000 ನ್ಯಾನೋಸೆಕೆಂಡ್, ಓದುವುದು 1600ರಲ್ಲಿ. ಅಷ್ಟು ಹೊತ್ತಿಗೆ ಎಲ್ಲ ಶಾಂತ. ಹಾಗಾದರೆ ಈ ಅಲೆ ಹೊಸದಲ್ಲ. ಗಾಡಿ ಕಟ್ಟಿದ ದಿನದಿಂದಲೂ ಇತ್ತು. ನಿಧಾನದ ವೇಗ ಅದನ್ನು ಮುಚ್ಚಿಟ್ಟಿತ್ತು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅಲ್ಲಿಯ ತನಕ ನಾವು 'ಎಫ್‌ಡಿ ಯಾಕೆ ಕೆಟ್ಟಿತು' ಅಂತ ಕೇಳುತ್ತಿದ್ದೆವು. ಅವತ್ತಿನಿಂದ 'ನಮ್ಮ ಲೈನ್ ಹೇಗೆ ಕಟ್ಟಿದ್ದೇವೆ' ಅಂತ ಕೇಳಲು ಶುರು ಮಾಡಿದೆವು.

ಅಣ್ಣ ಹಾರ್ನೆಸ್ ಡ್ರಾಯಿಂಗ್ ಹರಡಿದರು. ಛಾವಣಿಯಲ್ಲಿ ಒಂದು ಜಂಕ್ಷನ್ ಇತ್ತು. ಅಲ್ಲಿಂದ ನಾಲ್ಕು ಕವಲು, ಒಂದೊಂದು ಎರಡು ಮೀಟರಿಗಿಂತ ಉದ್ದ. ಕಾಲುವೆಯ ನೀರು ಮುಚ್ಚಿದ ತೂಬಿಗೆ ಬಡಿದು ವಾಪಸ್ ಬರುತ್ತದಲ್ಲ, ಪ್ರತಿ ಕವಲಿನ ತುದಿಯಿಂದ ಸಿಗ್ನಲ್ ಹಾಗೆ ವಾಪಸ್ ಬರುತ್ತಿತ್ತು. ನಾಲ್ಕು ಕವಲಿನ ವಾಪಸ್ ಅಲೆಗಳು ಒಂದರ ಮೇಲೊಂದು ಬೀಳುತ್ತಿದ್ದವು.

ಮಾಡಿದ ಬದಲಾವಣೆಗಳು

ತಂಡದ ಒಬ್ಬ ಹುಡುಗ ಬಿಟ್ ಓದುವ ಜಾಗವನ್ನೇ ಶೇಕಡಾ 87.5ಕ್ಕೆ ತಳ್ಳಿ ನೋಡಿದ. ಎರರ್ ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಆ ಪ್ರಯತ್ನದಿಂದ ಒಂದು ಉಪಕಾರ ಆಯಿತು. ಯಾರ ಸೆಟಿಂಗ್ ಎಷ್ಟಿದೆ ಅಂತ ಹುಡುಕುವಾಗ, ಡಿಸಿ-ಡಿಸಿ ಕನ್ವರ್ಟರ್ ಮಾತ್ರ ಶೇಕಡಾ 70ರಲ್ಲಿ ಓದುತ್ತಿದೆ ಅಂತ ಗೊತ್ತಾಯಿತು. ಅಂದರೆ 350 ನ್ಯಾನೋಸೆಕೆಂಡಿನಲ್ಲಿ, ಅಲೆಯ ನಡುಮಧ್ಯೆ. ಎಲ್ಲ ನೋಡ್‌ಗಳನ್ನೂ 80ಕ್ಕೆ ತಂದೆವು.

ದೊಡ್ಡ ಕೆಲಸ ಹಾರ್ನೆಸ್‌ನದು. ಜಂಕ್ಷನ್ ತೆಗೆದು, ಲೈನನ್ನು ಒಂದು ನೋಡ್‌ನ ಕನೆಕ್ಟರಿಗೆ ಒಯ್ದು ಅಲ್ಲಿಂದಲೇ ಮುಂದಿನ ನೋಡ್‌ಗೆ ಹೊರಡಿಸಿದೆವು, ಸರಪಳಿಯ ಹಾಗೆ. ಸರ್ವಿಸ್ ತಂಡ ಇದಕ್ಕೆ ಒಪ್ಪಲಿಲ್ಲ. ಒಂದು ಕನೆಕ್ಟರ್ ಬಿಚ್ಚಿದರೆ ಮುಂದಿನವರೆಲ್ಲ ಸಾಯುತ್ತಾರೆ ಅನ್ನೋದು ಅವರ ವಾದ. ನ್ಯಾಯವಾದ ಮಾತು. ಒಂದೇ ಟರ್ಮಿನಲ್‌ಗೆ ಬರುವ ತಂತಿ, ಹೋಗುವ ತಂತಿ ಎರಡನ್ನೂ ಸೇರಿಸಿ ಕ್ರಿಂಪ್ ಮಾಡಿದರೆ ಕನೆಕ್ಟರ್ ಬಿಚ್ಚಿದರೂ ಲೈನ್ ತುಂಡಾಗುವುದಿಲ್ಲ. ಆದರೆ ಜೋಡಿ ಕ್ರಿಂಪ್ ಗಾಡಿಯ ಅದುರಾಟಕ್ಕೆ ಸಡಿಲವಾಗುವ ಭಯ. ಅಣ್ಣ ಎರಡು ತಂತಿಗೆ ಸರಿಹೊಂದುವ ಟರ್ಮಿನಲ್ ಆರಿಸಿ, ಪ್ರತಿಯೊಂದನ್ನೂ ಎಳೆದು ಪರೀಕ್ಷೆ ಮಾಡಿ ಕೊಟ್ಟರು.

ಎರಡು ಕಡೆ ಕವಲು ಚಿಕ್ಕದು ಮಾಡಲು ಆಗಲೇ ಇಲ್ಲ. ಅಲ್ಲಿ ಎಸ್‌ಐಸಿ ಅನ್ನುವ ಹೊಸ ಬಗೆಯ ಟ್ರಾನ್ಸೀವರ್ ಹಾಕಿದೆವು. ಇದು ರಿಸೆಸಿವ್‌ಗೆ ಬರುವಾಗ ಸುಮ್ಮನೆ ಕೈ ಬಿಡುವುದಿಲ್ಲ. ಸ್ವಲ್ಪ ಹೊತ್ತು ಲೈನನ್ನು ಹಿಡಿದು ಅಲೆಯನ್ನು ಅಡಗಿಸಿ ಆಮೇಲೆ ಬಿಡುತ್ತದೆ. ಎಲ್ಲ ನೋಡ್‌ಗೂ ಇದನ್ನೇ ಹಾಕಿ ಹಾರ್ನೆಸ್ ಹಾಗೇ ಬಿಡೋಣ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ತಂತಿಯ ತಪ್ಪನ್ನು ಚಿಪ್‌ನಿಂದ ಮುಚ್ಚಿದರೆ, 500 ಕೆಬಿಪಿಎಸ್ ಮಾಡಿದ್ದನ್ನೇ ನಾವೂ ಮತ್ತೆ ಮಾಡಿದ ಹಾಗೆ.

ಇಷ್ಟಾದ ಮೇಲೆ ಲೈನ್ ಶಾಂತವಾಯಿತು. ಮೂರು ವಾರ ರಸ್ತೆಯಲ್ಲಿ ಓಡಿಸಿ ನೋಡಿದೆವು, ಎರರ್ ಕೌಂಟರ್‌ಗಳು ಸೊನ್ನೆಯಲ್ಲೇ ಇದ್ದವು. ಆಗ ಮೇಲಿನವರಿಂದ ಪ್ರಶ್ನೆ ಬಂತು, 5 ಎಂಬಿಪಿಎಸ್ ಯಾಕಾಗಬಾರದು ಅಂತ. ಪ್ರಯತ್ನಿಸಿದೆವು. ಆ ವೇಗದಲ್ಲಿ ಬಿಟ್ ಬರೀ 200 ನ್ಯಾನೋಸೆಕೆಂಡ್. ಕಳಿಸಿದ ಬಿಟ್ ಟ್ರಾನ್ಸೀವರ್ ಮೂಲಕ ಕಳಿಸಿದವನಿಗೇ ವಾಪಸ್ ಕೇಳಿಸಲು 255 ನ್ಯಾನೋಸೆಕೆಂಡ್ ತನಕ ಆಗಬಹುದು. ಅದಕ್ಕೆಂದೇ ಇರುವ ವಿಳಂಬ ಸರಿದೂಗಿಸುವ ಸೆಟಿಂಗ್ ಹಾಕಿದಾಗ ಟೇಬಲ್ ಮೇಲೆ ಓಡಿತು. ಗಾಡಿಯ ಉದ್ದದ ಲೈನಿನಲ್ಲಿ ಅಂಚು ಶಾಂತವಾಗಲು ಸಮಯವೇ ಉಳಿಯಲಿಲ್ಲ. ನಮಗೆ ಬೇಕಾದ ಡೇಟಾ 2ರಲ್ಲಿ ಆರಾಮಾಗಿ ಹೋಗುತ್ತಿತ್ತು. 2ರಲ್ಲೇ ನಿಂತೆವು.

ಇನ್ನೆರಡು ನಿರ್ಧಾರ

ಜಾಗ ಸಿಕ್ಕಿತು ಅಂತ ಎಲ್ಲ ಸಂದೇಶಗಳನ್ನೂ 64 ಬೈಟ್‌ಗೆ ತುಂಬುವ ಆಸೆ ಬರುತ್ತದೆ. ಮೋಟಾರಿನ ಟಾರ್ಕ್ ಆದೇಶವನ್ನು ನಾವು 8 ಬೈಟ್‌ನಲ್ಲೇ, ಚಿಕ್ಕ ಐಡಿಯಲ್ಲೇ ಉಳಿಸಿದೆವು. ಶುರುವಾದ ಫ್ರೇಮನ್ನು ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲ. ಉದ್ದದ ಫ್ರೇಮ್ ಹೋಗುತ್ತಿದ್ದರೆ ತುರ್ತು ಸಂದೇಶ 0.4 ಮಿಲಿಸೆಕೆಂಡ್ ಕಾಯಬೇಕು. ಮೊದಲು ಕಾಲು ಮಿಲಿಸೆಕೆಂಡ್ ಸಾಕಿತ್ತು. ಇದು ತಡೆಯಬಹುದಾದ ವ್ಯತ್ಯಾಸವೇ. ಆದರೆ ಲೆಕ್ಕ ಹಾಕಿ ಬರೆದಿಟ್ಟ ಮೇಲೆಯೇ ಮುಂದೆ ಹೋದೆವು.

ಇನ್ನೊಂದು, ಸಾಫ್ಟ್‌ವೇರ್ ಫ್ಲಾಶ್ ಮಾಡುವ, ಅಂದರೆ ಯೂನಿಟ್‌ಗೆ ಹೊಸದಾಗಿ ತುಂಬುವ, ಸಮಯ. ಎಫ್‌ಡಿ ಬಂದರೆ ಅದು ತಾನಾಗಿಯೇ ಇಳಿಯುತ್ತದೆ ಅಂತ ಡಿಪೋದವರಿಗೆ ಮಾತು ಕೊಟ್ಟಿದ್ದೆವು. ಹೆಚ್ಚುಕಡಿಮೆ ಮೊದಲಿನಷ್ಟೇ ಹಿಡಿಯಿತು. ನೋಡಿದರೆ ವೇಗ ಏರಿಸಿದ್ದೆವು, ಆದರೆ ಹೊಸ ಸಾಫ್ಟ್‌ವೇರ್ ಬರೆಸಿಕೊಳ್ಳುವ ಬೂಟ್‌ಲೋಡರ್‌ನಲ್ಲಿ ಫ್ರೇಮ್ ಉದ್ದ 8 ಬೈಟ್ ಅಂತಲೇ ಇತ್ತು. ಅದರಲ್ಲಿ ನಿಜವಾದ ಡೇಟಾ 7 ಬೈಟ್. 1 ಎಂಬಿ ಫೈಲಿಗೆ ಸುಮಾರು 1,50,000 ಫ್ರೇಮ್. ಎರಡು ಫ್ರೇಮ್ ನಡುವೆ ಕಡ್ಡಾಯ 1 ಮಿಲಿಸೆಕೆಂಡ್ ಬಿಡುವು. ಬಿಡುವಿಗೇ 150 ಸೆಕೆಂಡ್ ಹೋಗುತ್ತಿತ್ತು, ಲೈನ್ ಎಷ್ಟು ಜೋರಾಗಿದ್ದರೇನು? ಉದ್ದ 64ಕ್ಕೆ ಏರಿಸಿದಾಗ ಫ್ರೇಮ್‌ಗಳು 17,000ದ ಒಳಗೆ ಬಂದವು, ಬಿಡುವು 17 ಸೆಕೆಂಡಿಗೆ ಇಳಿಯಿತು. ಅಲ್ಲಿಂದ ಮುಂದೆ ಉಳಿದದ್ದು ಚಿಪ್‌ನ ಮೆಮೊರಿ ಅಳಿಸಿ ಬರೆಯುವ ಸಮಯ. ಅದಕ್ಕೂ ಲೈನಿಗೂ ಸಂಬಂಧ ಇಲ್ಲ.

ಮುಂದಿನ ಗಾಡಿಗೆ

ಎರಡನೇ ಪ್ರೋಟೊಟೈಪ್‌ಗೆ ನಾವು ಕೆಲಸದ ಕ್ರಮವನ್ನೇ ಬದಲಿಸಿದೆವು. ಸಪ್ಲೈಯರ್‌ಗೆ ಆರ್ಡರ್ ಕೊಡುವ ಮೊದಲೇ ಎರಡು ಪ್ರಶ್ನೆ ಹೋಗುತ್ತವೆ: ನಿಮ್ಮ ಸ್ಯಾಂಪಲ್ ಪಾಯಿಂಟ್ ಎಷ್ಟು, ಒಳಗೆ ಟರ್ಮಿನೇಶನ್ ಇದೆಯೋ ಇಲ್ಲವೋ. ಲ್ಯಾಬ್‌ನಲ್ಲಿ ಮೂರು ಮೀಟರ್ ಕೇಬಲ್ ತೆಗೆದು, ಗಾಡಿಯ ಪೂರ್ತಿ ಹಾರ್ನೆಸನ್ನೇ ಗೋಡೆಗೆ ಹಬ್ಬಿಸಿದ್ದೇವೆ. ಎರರ್ ಬಂದರೆ ಸಾಫ್ಟ್‌ವೇರ್ ಮುಟ್ಟುವ ಮೊದಲು ಮೀಟರ್ 60 ಓಮ್ ತೋರಿಸಬೇಕು, ಹೈ ವೋಲ್ಟೇಜ್ ಆಫ್ ಮಾಡಿ ಒಂದು ಸಲ ನೋಡಿರಬೇಕು.

ಹಾರ್ನೆಸ್ ಶಾಪ್‌ನ ಬೋರ್ಡಿಗೆ ಅಣ್ಣ ಒಂದು 30 ಸೆಂಟಿಮೀಟರ್ ಸ್ಟೀಲ್ ಸ್ಕೇಲನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಕ್ಯಾನ್ ಲೈನಿನ ಪ್ರತಿ ಕವಲನ್ನೂ ಅದರ ಪಕ್ಕಕ್ಕಿಟ್ಟು ನೋಡುತ್ತಾರೆ. ಉದ್ದವಾಗಿದ್ದರೆ ಕತ್ತರಿ ತೆಗೆಯುತ್ತಾರೆ.